ಆರುನೂರು ಸಲ ಎಸೆದ ಕವಡೆ

ಆಗತಾನೇ ಹಿಂಜಿದ ಹತ್ತಿಗೆ ಒಂದು ವಾಸನೆ ಇರುತ್ತದೆ. ಒಣ ಧೂಳು, ಹತ್ತಿಕಾಳಿನ ಎಣ್ಣೆ, ಬಿಸಿಲಿಗೆ ಹಾಕಿದ ಹಳೆಯ ಬಟ್ಟೆ, ಈ ಮೂರೂ ಸೇರಿದಂಥದ್ದು. ಕಳೆದ ತಿಂಗಳು ಅವ್ವನ ಗಾದಿ ತುಂಬಿಸಲು ರಾಯಚೂರಿನ ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ಮೊದಲು ಸಿಕ್ಕಿದ್ದು ಅದು. ಹೊರಗೆ ಸಣ್ಣ ಮಳೆ. ಒಳಗೆ ಹಿಂಜುವ ಯಂತ್ರ ನಿಂತಿತ್ತು, ಗಾಳಿಯಲ್ಲಿ ಎಳೆಗಳು ಇನ್ನೂ ತೇಲುತ್ತಿದ್ದವು. ಅಂಗಡಿಯ ಖಾಜಾ ತಲೆಗೆ ಕಟ್ಟಿಕೊಂಡ ಟವೆಲ್ ಬಿಚ್ಚಿ ನನ್ನ ಕಡೆ ನೋಡಿದ.

"ಬರ್ರಿ," ಅಂದ. "ಕೂಡ್ರಿ."

ಕಾಲೇಜಿನ ಮೊದಲ ವರ್ಷದಿಂದ ಅವನು ನನ್ನನ್ನು ಕರೆದದ್ದು "ಅಮರ್ಯಾ" ಎಂದೇ. ಅದರ ಹಿಂದೊಂದು "ಲೇ", ಕೆಲವು ಸಲ ಮುಂದೊಂದು. ನಾನು ಕೂತೆ. ಯಾವ ಗಾದಿಯ ಮೇಲೆ ಕೂತೆನೋ ಅದರ ಅಂಚನ್ನು ಕೈಯಿಂದ ಒತ್ತಿದೆ. ಬೆರಳು ಒಳಗಿಳಿಯಿತು. ಮೂರು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಅಷ್ಟರಲ್ಲೇ ಎದ್ದು ಬಂತು.

ಆಗ ನನಗೆ ಇಪ್ಪತ್ತನಾಲ್ಕು. ಊರು ಮಾನ್ವಿ. ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಡೈರಿ ಬರೆಯುವ ಅಭ್ಯಾಸ ಹೈಸ್ಕೂಲಿನಿಂದ ಇದೆ. ನನ್ನ ಡೈರಿಯಲ್ಲಿ ಭಾವನೆ ಕಡಿಮೆ, ಎಣಿಕೆ ಹೆಚ್ಚು. ಯಾವ ದಿನ ಎಷ್ಟು ಮಳೆ ಬಂದಂತಾಯಿತು, ಎಷ್ಟು ಮಂದಿ ಕ್ಲಾಸಿಗೆ ಬಂದರು, ಬಸ್ಸು ಎಷ್ಟು ನಿಮಿಷ ತಡ. ಖಾಜಾನಿಗೆ ಅದು ನಗೆಯ ವಿಷಯ. "ನಿನ್ನ ಮದಿವಿ ದಿನಾ ಎಷ್ಟು ಅಕ್ಕಿಕಾಳು ತಲಿ ಮ್ಯಾಲ ಬಿದ್ವು ಅಂತನೂ ಬರಿತಿ ನೀ," ಅನ್ನುತ್ತಿದ್ದ.

ಅವನು ಕಥೆಗಾರ. ಹತ್ತಿ ಹಿಂಜುತ್ತ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಗಿರಾಕಿಗಳಿಗೆ ಕಥೆ ಹೇಳುವವನು. ಆ ವರ್ಷ ನಾವಿಬ್ಬರೂ ಮೊಬೈಲಿನಲ್ಲಿ ಒಂದು ಬಗೆಯ ಆಟ ನೋಡಿ ಹುಚ್ಚು ಹಿಡಿಸಿಕೊಂಡಿದ್ದೆವು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ಹೇಳುತ್ತಾ ಹೋಗುತ್ತಾನೆ, ಉಳಿದವರು ಒಬ್ಬೊಬ್ಬರೂ ಆ ಕಥೆಯೊಳಗಿನ ಒಂದೊಂದು ಪಾತ್ರ. ಎದುರಿಗೆ ಹೊಳೆ ಬಂದರೆ ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ, ಇವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ನಮ್ಮದೇ ಒಂದನ್ನು ಮಾಡೋಣ ಎಂದವನು ಖಾಜಾ. ಹೆಸರು "ಅಗಸಿ", ಅಂದರೆ ಹೆಬ್ಬಾಗಿಲು. ಎರಡು ಹೊಳೆಗಳ ನಡುವಿನ ಸೀಮೆಯಲ್ಲಿ ಒಂದು ಸಣ್ಣ ಕೋಟೆ. ನಮ್ಮ ಆಟದಲ್ಲಿ ಯಾರೂ ರಾಜ್ಯ ಗೆಲ್ಲುವುದಿಲ್ಲ. ಆ ಕೋಟೆಯ ಹೆಬ್ಬಾಗಿಲನ್ನು ಬೆಳಗಿನ ತನಕ ಕಾಯುತ್ತಾರೆ, ಅಷ್ಟೇ. ಕಥೆ ಅವನದು, ನಿಯಮ ನನ್ನದು.

ಜೂನ್ ತಿಂಗಳ ನಾಲ್ಕು ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದರ ಮೇಲೊಂದು ಪೇರಿಸಿದ ಗಾದಿಗಳ ಮೇಲೆ ಕೂತು ಆಡಿ ನೋಡಿದೆವು. ನಾಲ್ಕೂ ಸಲ ಸೋತೆವು. ಸರಾಸರಿ ಹನ್ನೊಂದು ನಿಮಿಷಕ್ಕೆ ಕಾವಲುಗಾರರೆಲ್ಲ ಸತ್ತು ಹೋಗುತ್ತಿದ್ದರು. ಹೊಡೆಯುವುದಕ್ಕೆ ನಿಯಮ ಬರೆದಿದ್ದೆ, ಲೂಡೋ ದಾಳದಲ್ಲಿ ನಾಲ್ಕರ ಮೇಲೆ ಬಿದ್ದರೆ ಏಟು. ಏಟು ಬಂದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಏನೂ ಬರೆದಿರಲಿಲ್ಲ. ಕಾಯುವವರ ಆಟದಲ್ಲಿ ಕಾಯುವುದೇ ಇರಲಿಲ್ಲ.

"ದೇವದುರ್ಗಕ್ಕ ಹೋಗೋಣು," ಅಂದ ಖಾಜಾ. "ಸಾಬಣ್ಣ ಉಸ್ತಾದ್ರನ್ನ ಕೇಳೋಣು. ನಲವತ್ತು ವರ್ಷ ಕುಸ್ತಿ ಹಿಡಿದಾರ. ಅವ್ರ ಮನಿ ಗಾದಿ ನಮ್ಮ ಅಪ್ಪಾನ ಕಾಲದಿಂದ ನಾವ ತುಂಬತೀವಿ."

ಜುಲೈ 9, ಭಾನುವಾರ. ಬಸ್ಸು ಇಪ್ಪತ್ತೈದು ನಿಮಿಷ ತಡ. ದಾರಿಯುದ್ದಕ್ಕೂ ಕಪ್ಪು ಹೊಲಗಳಲ್ಲಿ ಹತ್ತಿ ಬೀಜ ಊರುವ ಹೆಂಗಸರು ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡಿದ್ದರು. ಉಸ್ತಾದರು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಎಪ್ಪತ್ತು ದಾಟಿದ ಮೈ, ಕಿವಿಗಳು ಕುಸ್ತಿಯಲ್ಲಿ ಮುದುಡಿ ಒಣದ್ರಾಕ್ಷಿಯಂತಾಗಿದ್ದವು, ಬಲಮೊಣಕಾಲು ಮಡಚುತ್ತಿರಲಿಲ್ಲ. ಅವರ ಹೆಂಡತಿ ಈರಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ನಾನು ನೋಟ್‌ಬುಕ್ ತೆಗೆದು ಕೇಳಿದೆ, "ಉಸ್ತಾದ್ರ, ಎದುರಿನವ ಹೊಡಿಯಾಕ ಬಂದ್ರ ಏನೇನ್ ಮಾಡಬಹುದ್ರಿ?"

"ಬರಕೊಂತೀ ಏನು?"

"ಹೌದ್ರಿ."

"ಬರಕೊಂಡು ಕುಸ್ತಿ ಕಲತವ್ರನ್ನ ನಾ ನೋಡಿಲ್ಲಪ." ನಕ್ಕರು. ಆಮೇಲೆ ಖಾಜಾನ ಕಡೆ ತಿರುಗಿ, "ಏಳೋ ತಮ್ಮಾ, ನನ್ನ ನೂಕು," ಅಂದು ಗೋಡೆ ಹಿಡಿದು ಎದ್ದು ನಿಂತರು.

ಖಾಜಾ ಹಿಂಜರಿದ. ಅವರು ಬಿಡಲಿಲ್ಲ. ಮೊದಲ ಸಲ ನೂಕಿದಾಗ ಉಸ್ತಾದರು ಎದೆ ಕೊಟ್ಟು ನಿಂತರು, ಕದಲಲಿಲ್ಲ. "ಇದು ತಡಿಯೋದು." ಎರಡನೆಯ ಸಲ ಭುಜ ಒಂದಿಷ್ಟು ತಿರುಗಿಸಿದರು, ಖಾಜಾನ ಕೈ ಗಾಳಿಗೆ ಹೋಯಿತು. "ಇದು ತಪ್ಪಿಸ್ಕೊಳ್ಳೋದು." ಮೂರನೆಯ ಸಲ ಖಾಜಾ ಸ್ವಲ್ಪ ಜೋರಾಗಿಯೇ ಬಂದ. ಉಸ್ತಾದರು ಅವನ ಮುಂಗೈ ಹಿಡಿದು ಮೆಲ್ಲಗೆ ಹಿಂದೆ ಹೆಜ್ಜೆ ಇಟ್ಟರು, ಒಂದು, ಎರಡು, ಅತಿಥಿಯನ್ನು ಒಳಗೆ ಕರೆದಂತೆ. ಖಾಜಾ ಬಂದ ರಭಸಕ್ಕೆ ಮುಗ್ಗರಿಸಿ ಮೂಲೆಯ ಜೋಳದ ಚೀಲದ ಮೇಲೆ ಬಿದ್ದ.

"ಇದು ಬಿಟ್ಟುಕೊಡೋದು," ಅಂದರು. "ಜಾಗ ಬೇಕೇನಪ? ತಗೋ. ತಗೊಂಡವ ಬೀಳ್ತಾನ."

"ಯಾವಾಗ್ಲೂ ಬೀಳ್ತಾನೇನ್ರಿ?" ಎಂದು ನಾನು ಕೇಳಿದೆ.

"ಇಲ್ಲ. ತಡಿಯೋದಕ್ಕ ಮೈ ಸಾಕು, ತಪ್ಪಿಸ್ಕೊಳ್ಳಾಕ ದಮ್ಮು ಸಾಕು. ಇದಕ್ಕ ಮಾತ್ರ ಏನಾಗ್ತದಂತ ಬಿಟ್ಟುಕೊಟ್ಟವ್ಗೂ ಗೊತ್ತಿರಂಗಿಲ್ಲ. ಅದಕ್ಕ ಬಾಳ ಮಂದಿ ಇದನ್ನ ಕಲಿಯಂಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗಲೇ ನಿಯಮ ಬರೆದುಬಿಟ್ಟೆ. ಶುರುವಿಗೆ ಎಲ್ಲರಿಗೂ ಗುರಾಣಿಗೆಂದು ಒಂದಿಷ್ಟು, ದಮ್ಮಿಗೆಂದು ಒಂದಿಷ್ಟು ಹುಣಸೆಬೀಜ. ತಡೆಯಲು ಗುರಾಣಿಯ ಹುಣಸೆಬೀಜ ಕೊಡಬೇಕು. ತಪ್ಪಿಸಿಕೊಳ್ಳಲು ದಮ್ಮಿನ ಹುಣಸೆಬೀಜ ಕೊಡಬೇಕು. ಬೀಜ ಮುಗಿದರೆ ಮುಗಿಯಿತು. ಬಿಟ್ಟುಕೊಡಲು ಬೀಜ ಬೇಡ, ನಾಲ್ಕು ಕವಡೆ ಎಸೆಯಬೇಕು. ಎರಡು ಅಥವಾ ಹೆಚ್ಚು ಕವಡೆ ಬಾಯಿ ಮೇಲಾಗಿ ಬಿದ್ದರೆ ಎದುರಾಳಿ ಮುಗ್ಗರಿಸಿ ತನ್ನ ಸರದಿ ಕಳೆದುಕೊಳ್ಳುತ್ತಾನೆ. ಇಲ್ಲವಾದರೆ ಏಟು ಪೂರ್ತಿ ನಿಮಗೆ. ಕವಡೆ ಈರಮ್ಮನವರು ಕೊಟ್ಟಿದ್ದರು. ಅವರ ಬಳಿ ಎಂಟಿದ್ದವು, ಚೌಕಾಬಾರ ಆಡುವಂಥವು. "ನಾಲ್ಕು ನಿಮಗ, ನಾಲ್ಕು ನಮಗ. ಆಟ ತಯಾರಾದ ಮ್ಯಾಲ ಕೂಡಿ ಆಡೋಣು," ಅಂದಿದ್ದರು.

ಮಾಡಿದ ನಿಯಮ ಸರಿಯೇ ಎಂದು ತಿಳಿಯಲು ಎಣಿಸಿ ನೋಡಬೇಕು. ಆಗಸ್ಟ್ 5ರಿಂದ 19, ಹದಿನೈದು ದಿನ, ಕಾಲೇಜು ಮುಗಿಸಿ ನೇರ ಅಂಗಡಿಗೆ ಹೋಗಿ ದಿನಕ್ಕೆ ನಲವತ್ತು ಸಲ ನಾಲ್ಕು ಕವಡೆ ಎಸೆದೆ. ಹಿಂದಿನ ಕೋಣೆಯಲ್ಲೇ, ಅದೇ ಗಾದಿಯ ಮೇಲೆ, ಯಂತ್ರದ ಸದ್ದಿನಲ್ಲಿ. ಆರುನೂರು ಸಲ. ನಾಲ್ಕು ಗೆರೆಗೆ ಒಂದು ಅಡ್ಡಗೆರೆ ಹಾಕಿ ಹಾಕಿ ಏಳು ಪುಟ ತುಂಬಿತು. ಖಾಜಾನ ತಾಯಿ ಚಹಾ ತಂದು ಬಾಗಿಲಲ್ಲಿ ನಿಂತು ನೋಡಿ, "ಕ್ಯಾ ಗಿನ್‌ರಾಯ್ ಬಾವಾ ಎ?" ಎಂದು, ಏನು ಎಣಿಸುತ್ತಿದ್ದಾನೆ ಇವನು ಅಂತ, ಮಗನನ್ನು ಕೇಳಿದರು. ಖಾಜಾ, "ತಪಸ್ಸು ಅಮ್ಮೀ, ಬಿಡು," ಅಂದ.

ಆರುನೂರರಲ್ಲಿ ನಾನೂರ ಹನ್ನೆರಡು ಸಲ ಬಿಟ್ಟುಕೊಟ್ಟವನು ಗೆದ್ದಿದ್ದ.

ಆಗಸ್ಟ್ 20ರ ಭಾನುವಾರ ನಾನು ಆ ಏಳು ಪುಟ ಅವನ ಮುಂದೆ ಹರಡಿದೆ. ಮೂರರಲ್ಲಿ ಎರಡು ಸಲ ಬೀಜ ಖರ್ಚಿಲ್ಲದೆ ಗೆಲ್ಲುವುದಾದರೆ ಯಾರು ಗುರಾಣಿ ಹಿಡಿಯುತ್ತಾರೆ, ಯಾರು ದಮ್ಮು ಉಳಿಸುತ್ತಾರೆ? ಎಲ್ಲರೂ ಹಿಂದೆ ಹಿಂದೆ ಸರಿಯುತ್ತ ಕೂಡುತ್ತಾರೆ. ಆಟವೇ ಸತ್ತು ಹೋಗುತ್ತದೆ. ಮೂರನೆಯದನ್ನು ತೆಗೆಯಬೇಕು ಎಂದೆ.

"ತಗಿಯೋದು ಬ್ಯಾಡಲೇ," ಅಂದ ಖಾಜಾ. "ಕವಡಿ ಎರಡರ ಬದಲಿ ಮೂರು ಬೀಳಬೇಕಂತ ಮಾಡು. ಉಸ್ತಾದ್ರು ಕೊಟ್ಟದ್ದು ಅದೊಂದ. ಉಳಿದ ಎರಡು ಎಲ್ಲಾ ಆಟದಾಗೂ ಅದಾವ."

"ಮೂರಾದ್ರ ಬಾಳ ಕಷ್ಟ ಆಗ್ತದ. ಅದನ್ನೂ ಎಣಿಸೀನಿ, ನೋಡು."

"ಎಣಿಕಿ ಬಿಡು. ಆಡಾಕ ಹೆಂಗ ಅನಸ್ತದ ನೋಡು."

"ಅನಸೋದು ಪುಸ್ತಕದಾಗ ಬರಿಯಾಕ ಬರಂಗಿಲ್ಲ. ನೀ ಎಷ್ಟು ಸಲ ಎಸದು ನೋಡಿ?"

ಅಂಗಡಿಯಲ್ಲಿ ಇನ್ನಿಬ್ಬರು ಗೆಳೆಯರಿದ್ದರು, ನಮ್ಮ ಜೊತೆ ಆಡುವವರು. ಅವರ ಎದುರಿಗೆ ಮತ್ತೆ ಕೇಳಿದೆ, "ಹೇಳು, ಎಷ್ಟು ಸಲ?" ಅವನು ಅಂಗಿಗೆ ಅಂಟಿದ ಹತ್ತಿ ಎಳೆ ತೆಗೆಯುತ್ತ, "ಸರಿ ಬಿಡಪ. ನಿಂದ ಇರಲಿ," ಅಂದ. ಡೈರಿಯಲ್ಲಿ ಆ ದಿನ ಬರೆದಿದ್ದೇನೆ: ಖಾಜಾ ಒಪ್ಪಿದ.

ಎರಡು ರಕ್ಷಣೆಗಳ ನಿಯಮದ ಪುಸ್ತಕ, ಹದಿನಾರು ಪುಟ, ಮೂವತ್ತು ಪ್ರತಿ ಝೆರಾಕ್ಸ್ ಆದವು. ಅಕ್ಟೋಬರ್ 1ರ ಭಾನುವಾರ ರಾಯಚೂರಿನ ಒಂದು ವಾಚನಾಲಯದಲ್ಲಿ ನಮ್ಮ ಆಟ ಜನರಿಗೆ ತೋರಿಸುವುದೆಂದು ಗೊತ್ತಾಯಿತು. ಉಸ್ತಾದರೂ ಬಂದು ಆಡುವುದಾಗಿ ಹೇಳಿ ಕಳಿಸಿದರು.

ನಡುವೆ ಗಣೇಶ ಹಬ್ಬಕ್ಕೆ ಮಾನ್ವಿಗೆ ಹೋಗಿದ್ದೆ. ಸೆಪ್ಟೆಂಬರ್ 19. ಮಧ್ಯಾಹ್ನ ಊಟ ಆಗಿ ಅವ್ವ ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು, ಜೇಬಿನಲ್ಲಿದ್ದ ಕವಡೆ ತೆಗೆದು ಸುಮ್ಮನೆ ಪರಸಿ ಕಲ್ಲಿನ ನೆಲದ ಮೇಲೆ ಎಸೆದೆ. ಕವಡೆಗಳು ಟಣ್ಣನೆ ಪುಟಿದು, ಉರುಳಿ, ಬಾಯಿ ಕೆಳಗಾಗಿ ಕೂತವು. ಮತ್ತೆ ಎಸೆದೆ. ಒಂದು ಮೇಲೆ, ಮೂರು ಕೆಳಗೆ. ಮತ್ತೆ. ಹತ್ತು ಸಲ ಆಯಿತು. ಎದ್ದು ಪೆನ್ನು ತಂದೆ.

"ಏನದು?" ಅಂದಳು ಅವ್ವ.

"ಆಟದ ಲೆಕ್ಕ. ಅಲ್ಲಿ ಬ್ಯಾರೆ ಬಂದಿತ್ತು, ಇಲ್ಲಿ ಬ್ಯಾರೆ ಬರಾಕತ್ತದ."

"ಅಲ್ಲಿ ಎಲ್ಲಿ ಎಸದಿದ್ದಿ?"

"ಖಾಜಾನ ಅಂಗಡ್ಯಾಗ. ಗಾದಿ ಮ್ಯಾಲ."

ಅವ್ವ ಬಳ್ಳೊಳ್ಳಿ ಬಿಟ್ಟು ನಗತೊಡಗಿದಳು. "ಗಾದಿ ಮ್ಯಾಲ ಕವಡಿ ಯಾರರ ಹಾಕ್ತಾರೇನೋ? ಬಿದ್ದದ್ದು ಬಿದ್ದಂಗ ಹುಗದು ಕೂಡ್ತದ. ನಿಮ್ಮ ಅಜ್ಜಿ ಇದ್ದಿದ್ರ ನಿನ್ನ ಕೈಗೆ ಕವಡೀನ ಕೊಡ್ತಿದ್ದಿಲ್ಲ. ಕವಡಿ ಅಂದ್ರ ನೆಲ. ಉರುಳಬೇಕದು."

ನೂರು ಸಲ ಎಸೆದೆ. ನಲವತ್ತನಾಲ್ಕು. ಅರ್ಧಕ್ಕಿಂತ ಕಡಿಮೆ. ಅಂದರೆ ಬಿಟ್ಟುಕೊಡುವುದು ಸುಲಭದ ದಾರಿ ಆಗಿರಲಿಲ್ಲ. ಬೇರೆ ಏನೂ ಉಳಿಯದವನು ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಹಿಡಿಯುವ ದಾರಿ ಆಗಿತ್ತು. ಉಸ್ತಾದರು ಹೇಳಿದ್ದೂ ಅದನ್ನೇ. ಆಟಕ್ಕೆ ಬೇಕಾಗಿದ್ದೂ ಅದೇ.

ಖಾಜಾನಿಗೆ ಫೋನ್ ಮಾಡಲು ಮೊಬೈಲ್ ಕೈಗೆ ತೆಗೆದುಕೊಂಡೆ. ಪುಸ್ತಕ ಝೆರಾಕ್ಸ್ ಆಗಿದೆ, ಹೊಸದಾಗಿ ಮಾಡಿಸಲು ಹನ್ನೆರಡು ದಿನ ಇವೆ, ಅದು ಧಾರಾಳ ಸಾಕು ಎಂದು ನನಗೆ ಗೊತ್ತಿತ್ತು. ಆದರೆ "ನೀ ಎಷ್ಟು ಸಲ ಎಸದು ನೋಡಿ" ಎಂದು ಇಬ್ಬರ ಮುಂದೆ ಎರಡೆರಡು ಬಾರಿ ಕೇಳಿದ ಬಾಯಿಂದ, ಆರುನೂರೂ ಸಲ ಗಾದಿಯ ಮೇಲೆ ಎಸೆದೆ ಎಂದು ಹೇಗೆ ಹೇಳುವುದು. ಆ ದಿನದ ಡೈರಿಯಲ್ಲಿ "ನೆಲ: 100ಕ್ಕೆ 44" ಎಂದು ಬರೆದೆ. ನನ್ನ ಡೈರಿಗಳಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಸಾಲು ಅದೊಂದೇ.

ಅಕ್ಟೋಬರ್ 1. ಮಳೆ ಇಲ್ಲ. ವಾಚನಾಲಯಕ್ಕೆ ಇಪ್ಪತ್ತಮೂರು ಮಂದಿ ಬಂದಿದ್ದರು, ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು. ಉಸ್ತಾದರು ಇಸ್ತ್ರಿ ಮಾಡಿದ ಬಿಳಿ ಅಂಗಿ, ರುಮಾಲು ಹಾಕಿಕೊಂಡು ಬೆಳಗಿನ ಬಸ್ಸಿಗೇ ಬಂದಿದ್ದರು. ನಡುವಿನ ಮೇಜಿನಲ್ಲಿ ಅವರು ಮತ್ತು ನಾಲ್ಕು ಮಂದಿ ಕಾವಲುಗಾರರು. ಖಾಜಾ ಕಥೆ ಹೇಳಿದ. ನಾನು ಅವನ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಉಸ್ತಾದರು ಜೇಬಿನಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದು, ಬಿಚ್ಚಿ, ನಾಲ್ಕು ಕವಡೆಗಳನ್ನು ತಮ್ಮ ಹುಣಸೆಬೀಜಗಳ ಪಕ್ಕ ಸಾಲಾಗಿ ಇಟ್ಟುಕೊಂಡರು. ಈರಮ್ಮನವರ ಪಾಲಿನ ನಾಲ್ಕು. ನಾನು ಅದನ್ನು ನೋಡಿದೆ. ಖಾಜಾನೂ ನೋಡಿದ.

ಅವರು ಚೆನ್ನಾಗಿ ಆಡಿದರು. ಹುಡುಗಿಯೊಬ್ಬಳ ಪಾತ್ರಕ್ಕೆ ಏಟು ಬೀಳುವಾಗಲೆಲ್ಲ "ತಂಗೀ, ದಮ್ಮು ಉಳಿಸ್ಕೋ, ಇನ್ನಾ ಬಾಳ ಹೊತ್ತದ" ಎಂದು ಹೇಳಿಕೊಡುತ್ತಿದ್ದರು. ಕೊನೆಗೆ ಬೆಳಗಾಗಲು ಇನ್ನು ಒಂದೇ ಸುತ್ತು ಉಳಿದಿತ್ತು. ಅಗಸಿಯಲ್ಲಿ ಅವರೊಬ್ಬರೇ ನಿಂತಿದ್ದರು. ಎದುರಿಗೆ ಭರ್ಜಿ ಹಿಡಿದ ಸವಾರ. ಅವರ ಮುಂದೆ ಒಂದು ಬೀಜವೂ ಇರಲಿಲ್ಲ. ಖಾಜಾ ದಾಳ ಎಸೆದ. ಐದು.

"ಏಟು ಬಂತ್ರಿ ಉಸ್ತಾದ್ರ," ಅಂದ. "ಏನ್ ಮಾಡ್ತೀರಿ?"

ಉಸ್ತಾದರು ಕವಡೆಗಳನ್ನು ಅಂಗೈಗೆ ತೆಗೆದುಕೊಂಡು ಕುಲುಕಿದರು. "ಬಿಟ್ಟುಕೊಡ್ತೀನಿ ನಾ."

ಖಾಜಾ ತಿರುಗಿ ನನ್ನ ಮುಖ ನೋಡಿದ. ಅವನು ಬಹಳ ಹೊತ್ತು ನೋಡಿದ ಎಂದು ನನಗೆ ನೆನಪು. ಆದರೆ ನಾನು ಆ ಹೊತ್ತನ್ನು ಎಣಿಸಲಿಲ್ಲ. "ಆಗಲಿ, ಎಸೀರಿ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು. ನಾನು ನಿಯಮದ ಪುಸ್ತಕದ ಏಳನೆಯ ಪುಟ ತೆರೆದೆ.

"ಉಸ್ತಾದ್ರ, ಇದರಾಗ ಎರಡ ಅದಾವ್ರಿ. ತಡೀಬೇಕು, ಇಲ್ಲಾ ತಪ್ಪಿಸ್ಕೋಬೇಕು."

"ಮೂರನೇದು ಹೇಳಿದ್ನೆಲ್ಲಪ ನಾ."

"ಲೆಕ್ಕಕ್ಕ ಕೂಡಲಿಲ್ರಿ ಅದು."

"ಕೂಡಲಿಲ್ಲೇನು?" ಅವರು ನನ್ನ ಮಾತನ್ನು ಪೂರ್ತಿ ನಂಬಿದರು. ಅದೇ ಈಗಲೂ ಕುಟುಕುತ್ತದೆ. "ಓದಿದಾವ ನೀ. ಲೆಕ್ಕಕ್ಕ ಕೂಡಲಿಲ್ಲ ಅಂದ್ರ ಇರಲಿ ಬಿಡು." ಕವಡೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿಟ್ಟು ಗಂಟು ಹಾಕಿದರು. ಸವಾರನ ಏಟಿಗೆ ಅವರ ಕಾವಲುಗಾರ ಬಿದ್ದ. ಅಗಸಿ ಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು, ಆಟ ಭಾರಿ ಇತ್ತು ಅಂದರು. ಹದಿನೇಳು ಪ್ರತಿ ತೆಗೆದುಕೊಂಡು ಹೋದರು.

ಉಸ್ತಾದರನ್ನು ಬಸ್ಸಿಗೆ ಹತ್ತಿಸಿ ಬಂದ ಖಾಜಾ ನನ್ನ ಜೊತೆ ಮೇಜು ಎತ್ತಿಟ್ಟ, ಬೀಜಗಳನ್ನು ಡಬ್ಬಿಗೆ ತುಂಬಿದ. ಮುಂದಿನ ಭಾನುವಾರ ಅಂಗಡಿಯಲ್ಲಿ ಕೆಲಸ ಇದೆ ಅಂದ. ಅದರ ಮುಂದಿನದೂ. ನಾಲ್ಕು ಭಾನುವಾರ ಗುರುತು ಹಾಕಿದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಆ ಚಳಿಗಾಲ ನನಗೆ ಮಾನ್ವಿಯ ಕಾಲೇಜಿನಲ್ಲೇ ಕೆಲಸ ಸಿಕ್ಕಿತು.

ಹೀಗೆ ಮೂರು ವರ್ಷದ ಮೇಲೆ ಆ ಗಾದಿಯ ಅಂಚಿನಲ್ಲಿ ಕೂತಿದ್ದೆ. ಖಾಜಾ ಅಂಗಡಿಯ ಲೆಕ್ಕದ ಪುಸ್ತಕ ತೆರೆದು, "ಎಷ್ಟು ಕೆ.ಜಿ. ತುಂಬಬೇಕ್ರಿ?" ಎಂದು ಕೇಳಿದ. ಹೇಳಿದೆ. "ಬಟ್ಟಿ ಯಾವುದ್ರಿ?" ತೋರಿಸಿದೆ. ಬರೆದುಕೊಂಡ. ಎದ್ದು ಹೋಗಬಹುದಿತ್ತು.

"ಖಾಜಾ," ಅಂದೆ. "ಆ ಆರುನೂರು ಸಲ ಎಸದಿದ್ನೆಲ್ಲ. ಅದು ತಪ್ಪು. ಗಾದಿ ಮ್ಯಾಲ ಎಸದಿದ್ದೆ."

ಅವನು ಪೆನ್ನಿನ ಮುಚ್ಚಳ ಹಾಕಿದ. "ಗೊತ್ತದ್ರಿ."

"ಯಾವಾಗಿಂದ?"

"ನೀವು ಆ ಹಾಳಿ ಹರವಿದ ಮರುದಿನಾನ. ಅಮ್ಮೀನ ಕವಡಿ ತಗೊಂಡು ಇಲ್ಲೇ ನೆಲದ ಮ್ಯಾಲ ಹಾಕಿ ನೋಡಿದೆ. ಗಾದಿ ಅಂಗಡ್ಯಾಗ ಹುಟ್ಟಿದಾವ್ರಿ ನಾ, ಅಷ್ಟು ಹೊಳಿಯಂಗಿಲ್ಲೇನು?"

"ಹೇಳಬೇಕಿತ್ತು."

"ಹೌದ್ರಿ, ನಾನೂ ಹೇಳಬೇಕಿತ್ತು. ಲೆಕ್ಕದ ಮನಷ್ಯಾ, ತಾನ ಹಚ್ಚಿ ನೋಡ್ತಾನ, ತಾನ ಬಂದು ಹೇಳ್ತಾನ ಅನಕೊಂಡೆ. ಸುಮ್ಮನಾದೆ." ಟವೆಲ್ಲಿನಿಂದ ಕೈ ಒರೆಸಿಕೊಂಡ. "ಆವತ್ತ ಉಸ್ತಾದ್ರು ಕವಡಿ ಕೈಯಾಗ ಹಿಡದಾಗ ನಿಮ್ಮ ಮಾರಿ ನೋಡಿದೆ. ನಿಮಗೂ ಗೊತ್ತದ ಅಂತ ಅವಾಗ ಗೊತ್ತಾತು."

ಉಸ್ತಾದರು ಹೇಗಿದ್ದಾರೆ ಎಂದು ಕೇಳಿದೆ.

"ಆರಾಮ ಅದಾರ್ರಿ. ಕಣ್ಣು ಕಡಿಮಿ ಆಗ್ಯಾವ. ಅಮಾಸಿಗೆ ಅಂಗಡಿ ಮುಚ್ಚಿರ್ತದಲ್ರಿ, ಹೋಗ್ತೀನಿ. ಅವರು, ಈರಮ್ಮನವ್ರು, ನಾನು ಕೂಡಿ ಆಡ್ತೀವಿ."

"ಎರಡರಾಗೋ ಮೂರರಾಗೋ?"

"ಮೂರರಾಗ."

ನಾನು ಜೇಬಿನಿಂದ ನಾಲ್ಕು ಕವಡೆ ತೆಗೆದು ಅವನ ಪುಸ್ತಕದ ಮೇಲಿಟ್ಟೆ. ಮೂರು ವರ್ಷದಿಂದ ಪೆನ್ನಿನ ಡಬ್ಬಿಯಲ್ಲಿ ಇದ್ದಂಥವು, ಆವತ್ತು ಬೆಳಿಗ್ಗೆ ಜೇಬಿಗೆ ಹಾಕಿಕೊಂಡಿದ್ದೆ. ಈರಮ್ಮನವರಿಗೆ ಕೊಟ್ಟುಬಿಡು ಎಂದೆ. ಅವನು ಅವನ್ನು ಮುಟ್ಟಲಿಲ್ಲ. ಪುಸ್ತಕವನ್ನೇ ಮೆಲ್ಲಗೆ ನನ್ನ ಕಡೆ ಸರಿಸಿದ.

"ಅವ್ರು ನಿಮ್ಮ ಕೈಯಾಗ ಕೊಟ್ಟಿದ್ದು. ನೀವ ಕೊಡ್ರಿ."

ಹೊರಗೆ ಮಳೆ ನಿಂತಿತ್ತು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ, "ಗುರುವಾರ ಬರ್ರಿ, ಗಾದಿ ತಯಾರಿರ್ತದ," ಅಂದ.

ಮಾನ್ವಿ ಬಸ್ಸಿನಲ್ಲಿ ಕೂತು ಡೈರಿ ತೆಗೆದೆ. ತಾರೀಖು ಹಾಕಿ, ಗಾದಿ ಒಂದು, ಗುರುವಾರ ಎಂದು ಬರೆದೆ. ಮುಂದಿನ ಅಮಾವಾಸ್ಯೆ ಯಾವ ವಾರ ಬರುತ್ತದೆಂದು ನೋಡಿ ಅದನ್ನೂ ಬರೆದೆ. ಆಮೇಲೆ ಖಾಜಾ ಅಂಗಡಿಯಲ್ಲಿ ಆಡಿದ ಮಾತುಗಳನ್ನೆಲ್ಲ ಮೊದಲಿಂದ ನೆನಪು ಮಾಡಿಕೊಂಡು ಗೆರೆ ಎಳೆಯುತ್ತ ಹೋದೆ. ಬರ್ರಿ, ಕೂಡ್ರಿ, ಕೊಡ್ರಿ, ಅವನ "ರಿ" ಎಲ್ಲ ಸೇರಿ ಹನ್ನೊಂದು. ಇನ್ನೊಂದು ಖಾನೆಯಲ್ಲಿ "ಲೇ" ಎಂದು ಬರೆದು, ಅದರ ಮುಂದೆ ಎಳೆಯಲು ಗೆರೆ ಸಿಗದೆ, ಬಸ್ಸು ಊರು ದಾಟುವ ತನಕ ಪೆನ್ನು ಹಿಡಿದು ಕೂತಿದ್ದೆ.